ಕಾಣೆಯಾದ ಹದಿನೇಳನೆಯ ಅಧ್ಯಾಯ

ಬಾಗಿಲು ಬಡಿದ ಸದ್ದು. ಮೂರು ಸಲ; ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಮತ್ತೆ ಎರಡು ಸಲ.

ರಾತ್ರಿ ಹತ್ತೂವರೆ. ಹಲ್ಲುಮೇಸ್ತ್ರಿ ಬನಿಯನ್ನಿನ ಮೇಲೆ ಅಂಗಿ ಸಿಕ್ಕಿಸಿಕೊಳ್ಳುತ್ತ ಬಂದು ಚಿಲಕ ತೆಗೆದ. ಹೊರಗೆ ಒಬ್ಬ ತರುಣಿ. ತಲೆಯ ಮೇಲಿನ ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ದಪ್ಪನೆಯ ಕಂದು ಲಕೋಟೆಯೊಂದನ್ನು ಎದೆಗೆ ಅವಚಿಕೊಂಡಿದ್ದಳು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ಹದಿನೇಳನೇ ಅಧ್ಯಾಯ ಎಲ್ಲಿ ಸಾರ್?"

"ಯಾವ ಅಧ್ಯಾಯ?"

"ಇನ್ನೂರ ಹದಿನಾಲ್ಕನೇ ಪುಟ ಆದ ತಕ್ಷಣ ಇನ್ನೂರ ಇಪ್ಪತ್ತೊಂಬತ್ತು ಬಂದ್ಬಿಟ್ಟಿದೆ. ನಡುವಿನ ಹದಿನಾಲ್ಕು ಹಾಳೆ ಎಲ್ಲಿ? ಕೊಲೆಗಾರ ಯಾರು ಅಂತ ನನಗೆ ಗೊತ್ತು. ಅವನು ಹೇಗೆ ಸಿಕ್ಕಿಬಿದ್ದ ಅನ್ನೋದೇ ಇಲ್ವಲ್ಲ!"

ಹಿಂದಿನಿಂದ ಹಲ್ಲುಮೇಸ್ತ್ರಿಯ ಹೆಂಡತಿಯ ದನಿ ಕೇಳಿಸಿತು. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಆಕೆಗೆ ಅಪರಾತ್ರಿಯ ಬಾಗಿಲುಬಡಿತ ಹೊಸದಲ್ಲ. ಆದರೆ ಕೊಲೆಯ ಮಾತು ಹೊಸದು.

"ರೀ, ಯಾರು ಅದು? ಯಾರನ್ನ ಕೊಂದ್ರಂತೆ?"

ತರುಣಿ ಆಗ ಹೆಲ್ಮೆಟ್ ತೆಗೆದು, ಕೆದರಿದ ಕೂದಲನ್ನು ಒಂದು ಕೈಯಲ್ಲಿ ಸರಿಮಾಡಿಕೊಂಡು, ತಾನು ಯಾರೆಂಬುದನ್ನು ಹೇಳಿದಳು. ದೊಡ್ಡ ಪ್ರಕಾಶನ ಸಂಸ್ಥೆಯೊಂದರಲ್ಲಿ ಹಸ್ತಪ್ರತಿಗಳನ್ನು ಮೊದಲು ಓದಿ ಅಭಿಪ್ರಾಯ ಬರೆಯುವ ಕೆಲಸ ಅವಳದು. ನಾಳೆ ಬೆಳಗ್ಗೆ ಹತ್ತಕ್ಕೆ ಆಯ್ಕೆ ಸಮಿತಿ ಕೂರಲಿದೆ. ವರ್ಷಕ್ಕೆ ಒಂದೇ ಸಲ ಕೂರುವ ಸಮಿತಿ. ರಾಶಿಯ ತಳದಲ್ಲಿದ್ದ ಈ ಹಸ್ತಪ್ರತಿಯನ್ನು ಸಂಜೆ ಎತ್ತಿಕೊಂಡವಳು ಕೆಳಗಿಟ್ಟಿರಲಿಲ್ಲ. ಪತ್ರದಲ್ಲಿ ಫೋನ್ ನಂಬರು ಇಲ್ಲದ್ದರಿಂದ ವಿಳಾಸ ಹುಡುಕಿಕೊಂಡು ಬಂದಿದ್ದಳು.

"ಹತ್ತು ಗಂಟೆಯೊಳಗೆ ಪೂರ್ತಿ ಪ್ರತಿ ನನ್ನ ಮೇಜಿನ ಮೇಲಿರಬೇಕು ಸಾರ್. ಅಪೂರ್ಣ ಹಸ್ತಪ್ರತಿ ಅಂದ್ರೆ ನಮ್ಮ ಯಜಮಾನರು ಕೈಯಿಂದಲೂ ಮುಟ್ಟಲ್ಲ. ಹದಿನಾಲ್ಕು ಹಾಳೆ ಕೊಟ್ಬಿಡಿ, ಹೊರಟುಹೋಗ್ತೀನಿ."

"ಅಲ್ಲಮ್ಮಾ," ಎಂದ ಹಲ್ಲುಮೇಸ್ತ್ರಿ, "ನಾನು ನಿಮಗೆ ಏನೂ ಕಳಿಸಿಲ್ಲ."

ತರುಣಿ ಲಕೋಟೆಯ ಬಾಯಿ ಬಿಚ್ಚಿ ತೋರಿಸಿದಳು. ಒಳಗಿದ್ದುದು ಹಸಿರು ಶಾಯಿಯ ಅಕ್ಷರ. ಅವನದೇ ಅಕ್ಷರ.

ಹಲ್ಲುಮೇಸ್ತ್ರಿ ಎಂಬುದು ಬೀದಿಯವರು ಕೊಟ್ಟ ಹೆಸರು. ದಂತವೈದ್ಯರು ಕಳುಹಿಸುವ ಅಚ್ಚುಗಳ ಮೇಲೆ ಕೃತಕ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಹಿಂದಿರುಗಿಸುವುದು ಅವನ ವೃತ್ತಿ. ಆ ಕಸುಬಿನ ವಿಚಿತ್ರವೆಂದರೆ, ಬಾಯಿ ಬರುತ್ತದೆ, ಮುಖ ಬರುವುದಿಲ್ಲ. ಅವನ ಮೇಜಿಗೆ ಬರುತ್ತಿದ್ದುದು ಪ್ಲಾಸ್ಟರಿನ ಒಂದು ದವಡೆ, ಅದರ ಮೇಲೆ ಒಂದು ಸಂಖ್ಯೆ, ಜೊತೆಗೆ ವೈದ್ಯರ ಚೀಟಿ. ಊರಿನ ಅರ್ಧ ನಗು ಅವನ ಕೈಯಿಂದಲೇ ಹೊರಟದ್ದು. ಯಾವ ನಗು ಯಾರದೆಂಬುದು ಮಾತ್ರ ಅವನಿಗೆ ತಿಳಿಯದು.

ಇಂಥವನು ಮೂರು ವರ್ಷ ಕೂತು ಒಂದು ಪತ್ತೇದಾರಿ ಕಾದಂಬರಿ ಬರೆದ. ಮುನ್ನೂರ ಹನ್ನೆರಡು ಹಾಳೆ. ಒಂದೇ ಬದಿಗೆ, ಎಡಕ್ಕೆ ಮೂರು ಬೆರಳು ಅಂಚು ಬಿಟ್ಟು, ತಿದ್ದುಗುರುತಿಲ್ಲದಂತೆ ಬರೆದ ಒಂದೇ ಒಂದು ಪ್ರತಿ. ಹನ್ನೊಂದು ಪ್ರಕಾಶಕರಿಗೆ ಕಳುಹಿಸಿದ. ಹನ್ನೊಂದು ಸಲವೂ ಅದು ಮನೆಗೆ ಮರಳಿತು. ಒಂದು ಸಲವಂತೂ ಮೊದಲ ಪುಟದ ಮೇಲೆ ಚಹಾ ಲೋಟದ ದುಂಡನೆಯ ಗುರುತನ್ನು ಹೊತ್ತುಕೊಂಡು ಬಂದಿತು. ಅದನ್ನಾದರೂ ಯಾರೋ ಮುಟ್ಟಿದ್ದರ ಸಾಕ್ಷಿಯೆಂದು ಅವನು ಸಮಾಧಾನಪಟ್ಟುಕೊಂಡಿದ್ದ.

ದೋಷ ಕಾದಂಬರಿಯದಲ್ಲ, ಅದರ ಜೊತೆ ಹೋಗುತ್ತಿದ್ದ ಒಂದು ಪುಟದ ಕಥಾಸಾರದ್ದು. ಅಂತ್ಯವನ್ನೂ ಸೇರಿಸಿ ಬರೆಯಿರಿ ಎಂದು ಎಲ್ಲ ಪ್ರಕಾಶಕರೂ ಸ್ಪಷ್ಟವಾಗಿ ಕೇಳುತ್ತಿದ್ದರು. ಅವನಿಗೆ ಅದೊಂದು ಮಾತ್ರ ಸುತರಾಂ ಆಗದು. ಮುನ್ನೂರು ಪುಟ ಜೋಪಾನ ಮಾಡಿದ ಗುಟ್ಟನ್ನು ಲಕೋಟೆ ಒಡೆದವನ ಕೈಗೆ ಬಿಟ್ಟಿಯಾಗಿ ಕೊಡುವುದೇ? ಹನ್ನೊಂದು ಕಥಾಸಾರಗಳೂ ಒಂದೇ ಸಾಲಿನಿಂದ ಮುಗಿದಿದ್ದವು: 'ಕೊಲೆಗಾರ ಯಾರು? ಅದನ್ನು ಓದಿಯೇ ತಿಳಿಯಬೇಕು!' ಹನ್ನೆರಡನೆಯ ಪ್ರಕಾಶಕರ ನಿಯಮಪಟ್ಟಿಯಲ್ಲಿ 'ಅಂತ್ಯ ಮುಚ್ಚಿಟ್ಟ ಕಥಾಸಾರಗಳನ್ನು ಓದಲಾಗುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಕಂಡಾಗ ಅವನು ಕೈಚೆಲ್ಲಿದ. ಹಸ್ತಪ್ರತಿಯನ್ನು ಪ್ಲಾಸ್ಟರ್ ಬಂದಿದ್ದ ರಟ್ಟಿನ ಪೆಟ್ಟಿಗೆಗೆ ಹಾಕಿ, ಹಗ್ಗ ಬಿಗಿದು, ನಡುಮನೆಯ ಬೀರುವಿನ ನೆತ್ತಿಗೆ ಏರಿಸಿದ.

ಈಗ ಬಾಗಿಲಲ್ಲಿ ನಿಂತಿದ್ದವಳು ಆ ಹನ್ನೆರಡನೆಯ ಪ್ರಕಾಶನದವಳು.

ಅವನು ಕುರ್ಚಿ ಎಳೆದು ಹತ್ತಿ ಪೆಟ್ಟಿಗೆ ಇಳಿಸಿದ. ಹಗ್ಗ ಬಿಗಿದಂತೆಯೇ ಇತ್ತು. ಒಳಗೆ ಹಳೆಯ ವಾರಪತ್ರಿಕೆಗಳು, ಹಸ್ತಪ್ರತಿಯಷ್ಟೇ ದಪ್ಪಕ್ಕೆ ಜೋಡಿಸಿಟ್ಟಿದ್ದವು.

"ಕಳ್ಳತನ!" ಎಂದ ಹಲ್ಲುಮೇಸ್ತ್ರಿ.

"ಕಳ್ಳ ಅಂಚೆ ಖರ್ಚು ಕೊಟ್ಟು ಕಳಿಸ್ತಾನಾ ಭಾವ?" ಎನ್ನುತ್ತ ಮುಂದಿನ ಕೋಣೆಯಿಂದ ಹೆಂಡತಿಯ ತಮ್ಮ ಕಣ್ಣುಜ್ಜಿಕೊಂಡು ಬಂದ. ಅಂಗಡಿಗಳಿಗೆ ಜಾಹೀರಾತಿನ ಸಾಲು ಬರೆದುಕೊಡುವುದು ಅವನ ಕೆಲಸ. ಸೋಫಾ ಅಂಗಡಿಯೊಂದಕ್ಕೆ 'ಒಮ್ಮೆ ಕೂತರೆ ಏಳಲಾರಿರಿ' ಎಂದು ಅವನು ಬರೆದುಕೊಟ್ಟ ಮೇಲೆ ಆ ಅಂಗಡಿಗೆ ಮುದುಕರು ಹೋಗುವುದನ್ನೇ ಬಿಟ್ಟಿದ್ದರು.

ಅಷ್ಟರಲ್ಲಿ ಒಳಕೋಣೆಯ ಪರದೆ ಸರಿದು ಅತ್ತೆ ಕಾಣಿಸಿಕೊಂಡರು. ಹಲ್ಲುಮೇಸ್ತ್ರಿಯ ತಲೆ ತಾನಾಗಿಯೇ ತಗ್ಗಿತು. ಅದು ಹನ್ನೆರಡು ವರ್ಷಗಳ ಅಭ್ಯಾಸ. ಅತ್ತೆ ಬಾಯಿ ತೆರೆದರೆ ಅವನ ಕಣ್ಣು ನೆಲದ ಮೇಲಿರುತ್ತಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ, ಜನ ಬರೆದ ಉದ್ದುದ್ದ ಅರ್ಜಿಗಳನ್ನು ಮೂರು ಸಾಲಿಗೆ ಇಳಿಸಿ ಸಾಹೇಬರ ಮುಂದಿಟ್ಟವರು ಅವರು. ಅಳಿಯನನ್ನು ಒಂದೇ ಸಾಲಿಗೆ ಇಳಿಸಿದ್ದರು: "ಹಲ್ಲು ಕಟ್ಟೋಕೆ ಬಂದವರು ಕತೆ ಕಟ್ತಾ ಕೂತ್ರು." ಅವನ ವೃತ್ತಿಯ ಮೇಲೂ ಅವರಿಗೆ ಕರುಣೆಯಿರಲಿಲ್ಲ. "ನನ್ನ ಬಾಯಲ್ಲಿರೋದೆಲ್ಲ ನನ್ನದೇ ಅಳಿಯಂದ್ರೇ. ನಿಮಗೆ ಗಿರಾಕಿ ಆಗೋಳಲ್ಲ ನಾನು!"

ಅವನು ಬೈಗುಳಕ್ಕೆ ಸಿದ್ಧನಾಗಿ ನಿಂತ. ಬೈಗುಳ ಬರಲಿಲ್ಲ. ಹೊದಿಕೆಯನ್ನು ಮೂಗಿನ ತನಕ ಎಳೆದುಕೊಂಡಿದ್ದ ಅತ್ತೆ ಲಕೋಟೆಯನ್ನೊಮ್ಮೆ, ತರುಣಿಯನ್ನೊಮ್ಮೆ ನೋಡಿ, ತಲೆಯಾಡಿಸಿ, ಮಾತಿಲ್ಲದೆ ಒಳಗೆ ಹೋದರು. ದೇವರು ದೊಡ್ಡವನು, ನೆಗಡಿ ಕೊಟ್ಟಿದ್ದಾನೆ ಎಂದುಕೊಂಡ ಹಲ್ಲುಮೇಸ್ತ್ರಿ.

ತರುಣಿ ಲಕೋಟೆಯೊಳಗಿನ ಪರಿಚಯ ಪತ್ರವನ್ನೂ ಕಥಾಸಾರವನ್ನೂ ಮೇಜಿನ ಮೇಲಿಟ್ಟಳು. ಎರಡೂ ಅಚ್ಚುಕಟ್ಟಾಗಿ ಟೈಪ್ ಆಗಿದ್ದವು. ಎರಡರ ಕೆಳಗೂ ಅವನ ಹೆಸರು. ಕಥಾಸಾರ ಮುಕ್ಕಾಲು ಪುಟವಷ್ಟೇ. ಯಾರು ಸತ್ತರು, ಯಾರ ಮೇಲೆ ಅನುಮಾನ, ಪತ್ತೆ ಮಾಡುವವನಿಗೆ ಏನು ತೊಡಕು, ಎಲ್ಲವೂ ಇತ್ತು, ಒಂದು ಪದ ಹೆಚ್ಚಿಲ್ಲದೆ. ಕೊನೆಯ ಸಾಲು: 'ಕೊಂದವನು ಗಡಿಯಾರ ರಿಪೇರಿಯವನು.'

"ಹೇಳೇಬಿಟ್ಟಿದ್ದಾರೆ!" ಹಲ್ಲುಮೇಸ್ತ್ರಿಯ ದನಿ ಕೀರಲಾಯಿತು. "ಮೂರು ವರ್ಷ ಮುಚ್ಚಿಟ್ಟಿದ್ದನ್ನ ಒಂದೇ ಸಾಲಲ್ಲಿ ಹೇಳ್ಬಿಟ್ಟಿದ್ದಾರೆ!"

"ಆ ಸಾಲು ನೋಡಿಯೇ ಸಾರ್ ನಾನು ಹಸ್ತಪ್ರತಿ ಎತ್ಕೊಂಡಿದ್ದು," ಎಂದಳು ತರುಣಿ. "ಗಡಿಯಾರದವನು ಯಾಕೆ, ಹೇಗೆ ಅಂತ ತಿಳಿಯೋ ತನಕ ಬಿಡೋಕಾಗಲಿಲ್ಲ. ದಿನಕ್ಕೆ ಹತ್ತು ಕಥಾಸಾರ ಬರ್ತವೆ, ಒಂಬತ್ತರಲ್ಲಿ 'ಓದಿಯೇ ತಿಳಿಯಬೇಕು' ಅಂತಿರುತ್ತೆ. ಅವನ್ನ ಓದಲ್ಲ."

ಹೆಂಡತಿ ಕೆಮ್ಮಿದಳು. ಅವನು ಅವಳ ಕಡೆ ನೋಡಲಿಲ್ಲ.

ಪರಿಚಯ ಪತ್ರದಲ್ಲಿ ಇನ್ನೊಂದು ವಾಕ್ಯವಿತ್ತು: 'ಈ ಕಾದಂಬರಿಯನ್ನು ಓದುತ್ತ ಕೂತು ನಮ್ಮ ಮನೆಯಲ್ಲಿ ಒಬ್ಬರು ಒಲೆಯ ಮೇಲಿನ ಹಾಲನ್ನು ಪೂರ್ತಿ ಉಕ್ಕಿಸಿಬಿಟ್ಟರು. ಇದಕ್ಕಿಂತ ದೊಡ್ಡ ಶಿಫಾರಸು ನನ್ನಲ್ಲಿಲ್ಲ.'

ಹಾಲು! ಎರಡು ತಿಂಗಳ ಹಿಂದಿನ ಆ ಸಂಜೆ ಅವನಿಗೆ ನೆನಪಾಯಿತು. ಸೀದ ವಾಸನೆಗೆ ಎಲ್ಲರೂ ಅಡುಗೆಮನೆಗೆ ಓಡಿದ್ದರು. "ಹಾಲಿಟ್ಟು ಎಲ್ಲಿ ಹೋಗಿದ್ದೆ?" ಎಂದು ಅತ್ತೆ ಮಗಳನ್ನು ಗದರಿದ್ದರು, ಮಗಳು ತಮ್ಮನ ಕಡೆ ಕೈತೋರಿಸಿದ್ದಳು, ತಮ್ಮ ತಾನು ಅಡುಗೆಮನೆಗೆ ಕಾಲಿಟ್ಟು ವಾರವಾಯಿತೆಂದು ಆಣೆ ಹಾಕಿದ್ದ. ಹಾಲಿಟ್ಟವರು ಯಾರೆಂಬುದು ಅಂದು ತೀರ್ಮಾನವಾಗಿರಲಿಲ್ಲ.

ಅಂದರೆ ಕಳ್ಳ ಮನೆಯೊಳಗೇ ಇದ್ದಾನೆ.

ತರುಣಿ ಹಸ್ತಪ್ರತಿಯನ್ನು ಮತ್ತೆ ಲಕೋಟೆಗೆ ಸೇರಿಸಿದಳು. "ಹತ್ತು ಗಂಟೆ ಸಾರ್. ಹತ್ತೂ ಐದು ಆದ್ರೆ ಮುಂದಿನ ವರ್ಷ." ಪತ್ರವನ್ನೂ ಕಥಾಸಾರವನ್ನೂ ಅವನ ಬಳಿಯೇ ಬಿಟ್ಟು, ಸ್ಕೂಟರ್ ಹತ್ತಿ ಹೊರಟುಹೋದಳು.

"ನೀನೇ ಬರೆದಿದ್ದು," ಎಂದು ಹಲ್ಲುಮೇಸ್ತ್ರಿ ಹೆಂಡತಿಯ ತಮ್ಮನ ಮೇಲೆ ತಿರುಗಿಬಿದ್ದ. "ಇಂಥ ಸಾಲು ಈ ಮನೇಲಿ ಇನ್ಯಾರಿಗೆ ಬರುತ್ತೆ?"

"ನಾನು ಬರೆದಿದ್ರೆ ಕೆಳಗೆ ನನ್ನ ಹೆಸರು ಹಾಕ್ಕೋತಿದ್ದೆ ಭಾವ. ನಿಮ್ಮ ಹೆಸರು ಯಾಕೆ ಹಾಕ್ಲಿ?"

ಮಾತು ಪೆಟ್ಟಾಗಿದ್ದರೂ ನ್ಯಾಯವಾಗಿತ್ತು. ಅವನು ಹೆಂಡತಿಯ ಮುಖ ನೋಡಿದ.

"ನನ್ನ ನೋಡ್ಬೇಡಿ. ನೀವು ಓದಿ ಹೇಳಿದಾಗೆಲ್ಲ ಮೂರನೇ ಪುಟಕ್ಕೆ ನಿದ್ದೆ ಹೋಗಿದ್ದೀನಿ. ನಾನು ನಿದ್ದೆ ಹೋಗೋದು ಅಷ್ಟು ದಿನ ಗೊತ್ತಿದ್ದೂ ಸುಮ್ನಿದ್ರಿ, ಈಗ ಗೊತ್ತಿಲ್ಲದೋರ ಥರ ಕೇಳ್ತೀರಾ?"

"ಹಾಗಾದ್ರೆ ಕಳಿಸಿದ್ದು ಯಾರು? ಕಳಿಸಿದವರು ಆ ಒಂದು ಅಧ್ಯಾಯ ಯಾಕೆ ಇಟ್ಕೊಂಡ್ರು?"

"ಒಳ್ಳೇದು ಮಾಡೋಕೆ ಬಂದೋರು ಅರ್ಧ ಒಳ್ಳೇದು ಮಾಡಿ ಹೋದ್ರು," ಎಂದಳು ಹೆಂಡತಿ. "ಬನ್ನಿ ಮಲಗಿ. ಇಲ್ಲಾ, ಕೂತು ಇನ್ನೊಂದು ಸಲ ಬರೀರಿ. ನಿಮ್ಮದೇ ಕತೆ ತಾನೇ?"

ಅವನು ಕೂತ. ಹಸಿರು ಪೆನ್ನು ತೆರೆದ. ಹದಿನೇಳನೆಯ ಅಧ್ಯಾಯ ಕಾದಂಬರಿಯ ಬೆನ್ನುಮೂಳೆ. ಕೊಲೆಯಾದ ಕೋಣೆಯಲ್ಲಿ ಅರ್ಧ ಕಚ್ಚಿದ ಸೇಬು ಸಿಗುತ್ತದೆ. ಅದರ ಮೇಲಿನ ಗುರುತಿನಲ್ಲಿ ಮೇಲಿನ ಸಾಲಿನ ಎಡಗಡೆಯ ಕೋರೆಹಲ್ಲು ಕೂದಲೆಳೆಯಷ್ಟು ಸೊಟ್ಟಗಿರುತ್ತದೆ. ಅಂಥ ಹಲ್ಲುಸೆಟ್ಟನ್ನು ತಾನೇ ಮಾಡಿಕೊಟ್ಟದ್ದು ಕಥಾನಾಯಕನಿಗೆ ನೆನಪಾಗುತ್ತದೆ. ಅದು ಕಲ್ಪನೆಯಲ್ಲ. ಐದು ವರ್ಷಗಳ ಹಿಂದೆ ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ನಾನೂರ ಹನ್ನೆರಡನೆಯ ಸಂಖ್ಯೆಯ ಅಚ್ಚು ನಿಜವಾಗಿಯೂ ಬಂದಿತ್ತು, ಜೊತೆಗೊಂದು ಚೀಟಿ: 'ಎಡಗಡೆಯ ಕೋರೆಹಲ್ಲು ಮೊದಲಿನಂತೆ ತುಸು ಸೊಟ್ಟ ಇರಲಿ. ಮನೆಯವರಿಗೆ ವ್ಯತ್ಯಾಸ ತಿಳಿಯಕೂಡದು.' ಜನ ನೆಟ್ಟಗಿನ ಹಲ್ಲಿಗೆ ದುಂಬಾಲು ಬೀಳುವಾಗ ಸೊಟ್ಟ ಹಲ್ಲು ಬೇಡಿದ ಆ ಬಾಯಿ ಯಾರದಿರಬಹುದೆಂದು ಅವನು ಎರಡು ದಿನ ಯೋಚಿಸಿದ್ದ. ಆ ಯೋಚನೆಯಿಂದಲೇ ಕಾದಂಬರಿ ಹುಟ್ಟಿದ್ದು.

ಆದರೆ ಈಗ ವಾಕ್ಯಗಳು ಬರಲೊಲ್ಲವು. ಬರೆದದ್ದೆಲ್ಲ ವೈದ್ಯರಿಗೆ ಕಳುಹಿಸುವ ವರದಿಯಂತೆ ಕಂಡಿತು. ಎರಡು ಗಂಟೆಯ ಹೊತ್ತಿಗೆ ಬುಟ್ಟಿಯಲ್ಲಿ ಒಂಬತ್ತು ಉಂಡೆ ಕಾಗದ, ಮೇಜಿನ ಮೇಲೆ ಅರ್ಧ ಪುಟ. ಅವನು ಅದರ ಮೇಲೆಯೇ ಕೆನ್ನೆಯೂರಿ ನಿದ್ದೆ ಹೋದ.

ಬೆಳಗ್ಗೆ ಎಚ್ಚರವಾದಾಗ ಏಳೂವರೆ. ಕೆನ್ನೆಯ ಮೇಲೆ ಹಸಿರು ಅಕ್ಷರಗಳ ಅಚ್ಚು.

"ಅಮ್ಮ ವಾಕಿಂಗ್ ಹೋದ್ರು," ಎಂದಳು ಹೆಂಡತಿ ಕಾಫಿ ಇಡುತ್ತ. "ನಿಮ್ಮನ್ನ ಎಬ್ಬಿಸಬೇಡ ಅಂದ್ರು. ನೆಗಡಿ ಎಲ್ಲ ವಾಸಿಯಾಗಿದೆ, ದನಿ ಗಟ್ಟಿ ಇತ್ತು."

ಅವನ ಗಮನ ಅಲ್ಲಿರಲಿಲ್ಲ. ಪತ್ರದ ಬುಡದಲ್ಲಿ ಕಂಡೂ ಕಾಣದಷ್ಟು ಸಣ್ಣ ನಕ್ಷತ್ರವೊಂದು ಅವನ ಕಣ್ಣಿಗೆ ಬಿದ್ದಿತ್ತು. ತಾನು ಟೈಪ್ ಮಾಡಿದ ಪ್ರತಿ ಹಾಳೆಗೂ ಹಾಗೆ ನಕ್ಷತ್ರ ಹಾಕುವುದು ಬೀದಿ ತುದಿಯ ಡಿ.ಟಿ.ಪಿ. ಅಂಗಡಿಯವನ ಚಟ. ಹಲ್ಲುಮೇಸ್ತ್ರಿ ಕಾಫಿಯನ್ನು ಬಿಸಿಬಿಸಿಯಾಗಿಯೇ ನುಂಗಿ ಓಡಿದ.

ಅಂಗಡಿಯವನು ಆಗಷ್ಟೇ ಬಾಗಿಲು ಎತ್ತುತ್ತಿದ್ದ. ಹಾಳೆಯನ್ನು ಬೆಳಕಿಗೆ ಹಿಡಿದು, "ನಮ್ಮದೇ," ಎಂದು ಹೆಮ್ಮೆಯಿಂದ ಒಪ್ಪಿಕೊಂಡ. "ಹೇಳ್ತಾ ಹೋದ್ರು, ಹೊಡೀತಾ ಹೋದೆ. ಒಂದು ಸಾಲನ್ನೂ ತಿದ್ದಿಸಲಿಲ್ಲ. ಅಷ್ಟು ಚೆನ್ನಾಗಿ ಹೇಳಿ ಬರೆಸೋರನ್ನ ನಾನು ನೋಡೇ ಇಲ್ಲ."

"ಯಾರು?"

"ಹೆಸರು ಯಾರು ಕೇಳ್ತಾರೆ ಮೇಸ್ತ್ರಿ? ಈ ಬೀದಿಗೆ ಬಂದು ನನಗೇ ಇನ್ನೂ ಮೂರು ತಿಂಗಳು. ವಸಡು ಊದಿದೆ ಅಂತ ಬಾಯಿಗೆ ಬಟ್ಟೆ ಕಟ್ಕೊಂಡಿದ್ರು, ತಲೆಗೂ ಸುತ್ಕೊಂಡಿದ್ರು, ಕಪ್ಪು ಕನ್ನಡಕ ಬೇರೆ. ಅವರ ಮಾತು ತಿಳ್ಕೊಳ್ಳೋದೇ ದೊಡ್ಡ ಸಾಹಸ. ಎಲ್ಲಾ ಗಾಳಿ! 'ಸಸ್ಪೆನ್ಸ್' ಅನ್ನೋಕೆ ಮೂರು ಸಲ ಪ್ರಯತ್ನ ಮಾಡಿ, ಕೊನೆಗೆ 'ಕುತೂಹಲ' ಅಂತ ಹಾಕಿ ಅಂದ್ರು."

ಹಲ್ಲುಮೇಸ್ತ್ರಿ ಕಿವಿ ನಿಮಿರಿಸಿದ. ವಸಡು ಊದಿದವರ ಮಾತು ದಪ್ಪಗಾಗುತ್ತದೆ, ಗಾಳಿಯಾಗುವುದಿಲ್ಲ. 'ಸ' ಎಂಬ ಅಕ್ಷರ ಗಾಳಿಯಾಗಿ ಸೋರಿಹೋಗುವುದು ಬಾಯಿಯ ಮುಂಬಾಗಿಲಲ್ಲಿ ಹಲ್ಲೇ ಇಲ್ಲದಾಗ. ಇಪ್ಪತ್ತು ವರ್ಷಗಳ ಕಸುಬು ಅವನಿಗೆ ಅಷ್ಟನ್ನು ಕಲಿಸಿತ್ತು.

"ಯಾವ ದಿನ?"

"ತಾರೀಖು ಪತ್ರದ ಮೇಲೇ ಇದೆಯಲ್ಲ. ಒಂಬತ್ತು."

ಅವನು ತನ್ನ ಕಾರ್ಯಾಗಾರಕ್ಕೆ ಹೋದ. ಒಂದೇ ಕೋಣೆ, ಗೋಡೆಯುದ್ದಕ್ಕೂ ಪ್ಲಾಸ್ಟರಿನ ದವಡೆಗಳ ಸಾಲು, ಮೇಜಿನ ಮೇಲೆ ಮೇಣ, ಸ್ಪಿರಿಟ್ ದೀಪ, ಹೊಳಪು ಕೊಡುವ ಚಕ್ರ. ರಿಪೇರಿ ಪುಸ್ತಕ ತೆರೆದು ಒಂಬತ್ತನೆಯ ತಾರೀಖಿಗೆ ಬೆರಳಿಟ್ಟ. ಅಂದು ಬಂದದ್ದು ಒಂದೇ ಕೆಲಸ. ಮೇಲಿನ ಸಾಲಿನ ಸೆಟ್ಟು, ನಡುವೆ ಬಿರುಕು, ಬೆಳಗ್ಗೆ ಪಡೆದು ಸಂಜೆ ಮರಳಿಸಿದ್ದು. ಸಂಖ್ಯೆ: ನಾನೂರ ಹನ್ನೆರಡು.

ಗೋಡೆಯ ಮೇಲಿನ ದವಡೆಗಳೆಲ್ಲ ಒಟ್ಟಿಗೆ ನಕ್ಕಂತಾಯಿತು.

ಹಾಗಾದರೆ ಕಥೆ ಹೀಗೆ: ಸೊಟ್ಟ ಹಲ್ಲಿನ ಆ ವ್ಯಕ್ತಿ ಹಸ್ತಪ್ರತಿಯನ್ನು ಓದಿದೆ, ಮೆಚ್ಚಿದೆ, ಹದಿನೇಳನೆಯ ಅಧ್ಯಾಯಕ್ಕೆ ಬಂದಾಗ ತನ್ನದೇ ಹಲ್ಲನ್ನು ಅಲ್ಲಿ ಕಂಡು ಹೌಹಾರಿದೆ. ಮನೆಯವರಿಗೆ ತಿಳಿಯಕೂಡದ ಗುಟ್ಟು ಅಚ್ಚಾಗಿ ಊರಿಗೆಲ್ಲ ಹಂಚಿಹೋಗುವುದೆಂದು ಆ ಹದಿನಾಲ್ಕು ಹಾಳೆಗಳನ್ನಷ್ಟೇ ಬೇರ್ಪಡಿಸಿಟ್ಟುಕೊಂಡಿದೆ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಹಾಲು? ಹಾಲು ಉಕ್ಕಿದ್ದು ಅವನ ಮನೆಯಲ್ಲಿ. ಪೆಟ್ಟಿಗೆ ಇದ್ದುದು ಅವನ ಬೀರುವಿನ ಮೇಲೆ. ಊರವರ ಬಾಯಿ ಅವನ ಮನೆಯೊಳಗೆ ಬಂದದ್ದು ಹೇಗೆ?

ಅವನು ಡಾಕ್ಟರಮ್ಮನಿಗೆ ಫೋನ್ ಮಾಡಿದ.

"ಡಾಕ್ಟರಮ್ಮ, ನಾನೂರ ಹನ್ನೆರಡು ಯಾರು?"

"ಏನ್ ಮೇಸ್ತ್ರಿ, ಬೆಳಗ್ಗೆ ಬೆಳಗ್ಗೆ? ಅದೆಲ್ಲ ಹೇಳೋ ಹಾಗಿಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ನನ್ನ ಜೀವನದ ಪ್ರಶ್ನೆ."

"ನಾನೂರ ಹನ್ನೆರಡು… ತಡೀರಿ, ಆ ಸೊಟ್ಟ ಹಲ್ಲಾ?" ಎಂದವರು ನಗತೊಡಗಿದರು. ಅವನು ಕಾದ. ನಗು ನಿಲ್ಲಲಿಲ್ಲ. "ಇಲ್ಲ ಮೇಸ್ತ್ರಿ, ಹೇಳಲ್ಲ. ಮಾತು ಕೊಟ್ಟಿದ್ದೀನಿ. ಅದರಲ್ಲೂ ನಿಮಗೆ ಹೇಳ್ಬಾರದು ಅಂತ." ಫೋನ್ ಇಟ್ಟ ಮೇಲೂ ಆ ನಗು ಅವನ ಕಿವಿಯಲ್ಲೇ ಉಳಿಯಿತು. ಅದರಲ್ಲೂ ನಿಮಗೆ? ತನಗೇ ಏಕೆ?

ಒಂಬತ್ತು ಗಂಟೆ. ಅವನು ಮನೆಗೆ ಓಡಿದ. ಹೆಂಡತಿಯ ತಮ್ಮ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ.

"ಬಾಯಿ ತೆಗಿ!"

"ಭಾವ?"

"ತೆಗಿ ಅಂದ್ರೆ ತೆಗಿ!" ಎಂದವನೇ ನೊರೆಯನ್ನೂ ಲೆಕ್ಕಿಸದೆ ಅವನ ಮೇಲ್ದುಟಿ ಎತ್ತಿ, ಎಡಗಡೆಯ ಕೋರೆಹಲ್ಲನ್ನು ಹಿಡಿದು ಅಲ್ಲಾಡಿಸಿದ. ಹಲ್ಲು ಗಟ್ಟಿಯಾಗಿತ್ತು, ಕೂಗು ಅದಕ್ಕಿಂತ ಗಟ್ಟಿಯಾಗಿತ್ತು. ಹೆಂಡತಿ ಓಡಿಬಂದಳು. ಗಂಡ ತನ್ನ ಕಡೆ ತಿರುಗಿದ್ದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳು.

"ನನ್ನ ಹಲ್ಲು ಮುಟ್ಟಿದ್ರೆ ಕಚ್ತೀನಿ ನೋಡಿ!"

ಮುಟ್ಟುವ ಅಗತ್ಯವಿರಲಿಲ್ಲ. ಆ ಹಲ್ಲುಗಳನ್ನು ಅವನು ಮದುವೆಗೆ ಮುಂಚಿನಿಂದ ಬಲ್ಲ. ಅವನು ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದ. ಇಬ್ಬರದೂ ಸ್ವಂತ ಹಲ್ಲು. ಮನೆಯಲ್ಲಿ ಇನ್ನು ಉಳಿದವರ ಬಾಯಲ್ಲಿರುವುದೆಲ್ಲ ಅವರದೇ. ದಿನಕ್ಕೆರಡು ಸಲ ಅವರೇ ಹೇಳುತ್ತಾರೆ. ಅಂದರೆ ಹಾಲು ತಾನಾಗಿ ಉಕ್ಕಿತು, ಪೆಟ್ಟಿಗೆ ತಾನಾಗಿ ಇಳಿಯಿತು, ಕಾದಂಬರಿ ತಾನೇ ನಡೆದುಕೊಂಡು ಹೋಗಿ ಅಂಚೆಗೆ ಬಿದ್ದಿತು. ಇಂಥ ಕಥೆಯನ್ನು ತಾನೇ ಬರೆದಿದ್ದರೆ ಹನ್ನೆರಡನೆಯ ಪ್ರಕಾಶಕರಿರಲಿ, ಮೊದಲನೆಯವರೂ ಬುಟ್ಟಿಗೆ ಹಾಕುತ್ತಿದ್ದರು ಎನಿಸಿತು.

"ರೀ," ಎಂದಳು ಹೆಂಡತಿ, ಈಗ ಮೆತ್ತಗೆ. "ಒಂಬತ್ತೂಕಾಲು. ಇರೋ ಅರ್ಧ ಪುಟಾನೇ ತಗೊಂಡು ಹೋಗಿ. ನಿಜ ಹೇಳಿ. ಒಂದು ವಾರ ಕೊಡಿ ಅಂತ ಕೇಳಿ. ಕೇಳೋಕೇನು?"

ಪ್ರಕಾಶನದ ಕಚೇರಿ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲ ಇಕ್ಕೆಲದಲ್ಲೂ ಹಗ್ಗ ಕಟ್ಟಿದ ಪುಸ್ತಕದ ಕಟ್ಟುಗಳು, ಹೊಸ ಕಾಗದದ ಮತ್ತು ಅಂಟಿನ ವಾಸನೆ. ಅರ್ಧ ಪುಟವನ್ನು ಜೇಬಿನಲ್ಲಿಟ್ಟುಕೊಂಡು, ತಗ್ಗಿದ ತಲೆಯಲ್ಲೇ ಮೆಟ್ಟಿಲು ಹತ್ತಿದ ಹಲ್ಲುಮೇಸ್ತ್ರಿ, ಮೊಗಸಾಲೆಯ ಬೆಂಚಿನ ಮೇಲೆ ಯಾರೋ ಅಗಲವಾಗಿ ದಿನಪತ್ರಿಕೆ ಬಿಚ್ಚಿ ಹಿಡಿದು ಕೂತಿದ್ದುದನ್ನು ಓರೆಗಣ್ಣಿಂದ ಕಂಡರೂ ನಿಲ್ಲದೆ ಒಳಗೆ ಹೋದ. ಗೋಡೆಯ ಗಡಿಯಾರ ಹತ್ತಕ್ಕೆ ಎಂಟು ನಿಮಿಷ ತೋರಿಸುತ್ತಿತ್ತು.

"ಬನ್ನಿ ಸಾರ್!" ನಿನ್ನೆಯ ತರುಣಿ ಎದ್ದು ನಿಂತಳು. "ಎಂಥಾ ಅಧ್ಯಾಯ ಸಾರ್! ಆ ಸೇಬು! ಈಗಷ್ಟೇ ಓದಿ ಮುಗಿಸಿದೆ."

ಮೇಜಿನ ಮೇಲೆ ಹಸ್ತಪ್ರತಿ ಪೂರ್ತಿಯಾಗಿ ಕೂತಿತ್ತು. ಅವನು ಒಂದೊಂದೇ ಹಾಳೆ ತಿರುವಿದ. ಇನ್ನೂರ ಹದಿನಾಲ್ಕು, ಇನ್ನೂರ ಹದಿನೈದು, ಹದಿನಾರು… ಹದಿನಾಲ್ಕೂ ಹಾಳೆ. ಒಂದಕ್ಕೂ ಮಡಿಕೆ ಬಿದ್ದಿರಲಿಲ್ಲ.

"ಇದು… ಯಾವಾಗ ಬಂತು?"

"ಒಂಬತ್ತಕ್ಕೆ ನಾನು ಬೀಗ ತೆಗೆಯೋ ಮುಂಚೆಯೇ ತಂದು ಕಾಯ್ತಿದ್ರು. ನೀವೇ ಕಳಿಸಿದ್ದು ಅಂದ್ಕೊಂಡೆ. ನಡುವೆ ನಾಲ್ಕು ಹಾಳೆ ಇಲ್ಲದಿದ್ರೆ ಯಾರಿಗೆ ಗೊತ್ತಾಗುತ್ತೆ, ಯಾವ ಸಾಹೇಬರೂ ಪೂರ್ತಿ ಓದಲ್ಲ ಅಂದ್ಕೊಂಡಿದ್ರಂತೆ. ನೀವು ಓದ್ತೀರಲ್ಲಮ್ಮ, ಅಂತ ನನಗೇ ಶಹಭಾಸ್ ಕೊಟ್ರು. ಒಂದು ಸಣ್ಣ ತಿದ್ದುಪಡಿ ಇದೆ, ಅದಕ್ಕೆ ಲೇಖಕರು ಒಪ್ಪಿದ್ರೆ ಮಾತ್ರ ಅಚ್ಚಿಗೆ ಕೊಡಿ ಅಂತಲೂ ಅಂದ್ರು. ನೋಡಿ, ಇಲ್ಲಿ."

ಇನ್ನೂರ ಇಪ್ಪತ್ತೊಂದನೆಯ ಪುಟ. 'ಎಡಗಡೆಯ ಕೋರೆಹಲ್ಲು' ಎಂಬಲ್ಲಿ 'ಎಡಗಡೆಯ' ಎಂಬುದನ್ನು ಪೆನ್ಸಿಲಿನಿಂದ, ಅಡಿಕೋಲಿಟ್ಟು ಹೊಡೆದು, ಅಂಚಿನಲ್ಲಿ ದುಂಡಗೆ ಬರೆದಿತ್ತು: 'ಬಲಗಡೆಯ.' ಅಷ್ಟೇ. ಇಡೀ ಕಾದಂಬರಿಯಲ್ಲಿ ಒಂದು ಪದ.

ಹಲ್ಲುಮೇಸ್ತ್ರಿ ಆ ಪದವನ್ನು ಬಹಳ ಹೊತ್ತು ನೋಡಿದ. ನಾನೂರ ಹನ್ನೆರಡನೆಯ ಬಾಯಿ ಇಷ್ಟನ್ನೇ ಬೇಡಿತ್ತು, ಐದು ವರ್ಷಗಳ ಹಿಂದೆಯೂ, ಇವತ್ತೂ. ಮನೆಯವರಿಗೆ ತಿಳಿಯಕೂಡದು. ಅವನು ಹಸಿರು ಪೆನ್ನು ತೆರೆದು ಪೆನ್ಸಿಲಿನ ಪಕ್ಕದಲ್ಲಿ ಬರೆದ: 'ಹಾಗೆಯೇ ಇರಲಿ.'

"ತಂದವರು ಹೋಗಿಬಿಟ್ರಾ?"

"ಹೊರಗೇ ಕೂತಿದ್ದಾರಲ್ಲ ಸಾರ್. ಸಮಿತಿ ಏನು ಹೇಳುತ್ತೆ ಅಂತ ಕೇಳ್ಕೊಂಡೇ ಹೋಗ್ತಾರಂತೆ."

ಗಾಜಿನ ಬಾಗಿಲಾಚೆ ಬೆಂಚು ಕಾಣುತ್ತಿತ್ತು. ದಿನಪತ್ರಿಕೆ ಮೆಲ್ಲನೆ ಕೆಳಗಿಳಿಯಿತು. ಹಲ್ಲುಮೇಸ್ತ್ರಿಯ ಕುತ್ತಿಗೆ ಅಭ್ಯಾಸಬಲದಿಂದ ಬಾಗತೊಡಗಿತು. ಅವನು ಅದನ್ನು ತಡೆದು, ಜೀವನದಲ್ಲಿ ಮೊದಲ ಸಲ ತಲೆಯೆತ್ತಿ ನೇರವಾಗಿ ಆ ಬಾಯಿಯನ್ನು ನೋಡಿದ. ಅದು ನಗಲೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿ, ಕೊನೆಗೆ ನಕ್ಕಿತು. ಮೇಲಿನ ಸಾಲು. ಎಡಗಡೆ. ಕೂದಲೆಳೆಯಷ್ಟು ಸೊಟ್ಟ. ಮೇಣದಲ್ಲಿ ಆ ಓರೆ ಕೂರಿಸಲು ಅವನು ಅಂದು ಒಂದು ಇಡೀ ಮಧ್ಯಾಹ್ನ ಹೆಣಗಿದ್ದ. ಚೆನ್ನಾಗಿ ಕೂತಿತ್ತು.

"ಸಾರ್, ಒಂದೇ ಒಂದು ಫಾರಂ," ತರುಣಿ ಹಾಳೆಯನ್ನು ಮುಂದಿಟ್ಟಳು. "ಹಸ್ತಪ್ರತಿ ಕಳಿಸಿದ್ದು ನೀವಲ್ಲ ಅಂದ್ರಲ್ಲ, ಹಾಗಾಗಿ ಕೃತಿ ಸಲ್ಲಿಸಿದವರು ಯಾರು ಅಂತ ಬರೀಬೇಕು. ಉದ್ದ ಬೇಡ, ಒಂದೇ ಸಾಲು ಸಾಕು. 'ಓದಿಯೇ ತಿಳಿಯಬೇಕು' ಅಂತ ಮಾತ್ರ ಬರೀಬೇಡಿ."

ಹನ್ನೊಂದು ಸಲ ಬರೆಯಲಾಗದೆ ಬಿಟ್ಟಿದ್ದ ಆ ಒಂದು ಸಾಲನ್ನು ಹಲ್ಲುಮೇಸ್ತ್ರಿ ಹಸಿರು ಶಾಯಿಯಲ್ಲಿ, ತಿದ್ದುಗುರುತಿಲ್ಲದಂತೆ ಬರೆದ:

'ನನ್ನ ಅತ್ತೆ.'